ಸೀತಾಫಲದ ಗುಡ್ಡಕ್ಕೆ ಹಾಕಿದ ಸೈಕಲ್ ದಾರಿ

ಅಕ್ಕಂದಿರೇ, ತಂಗಿಯರೇ, ಸಂಘದ ಸಭೆಯಲ್ಲಿ ಇದನ್ನು ಯಾರು ಓದುತ್ತಿದ್ದೀರೋ ಅವರು ಸ್ವಲ್ಪ ಗಟ್ಟಿಯಾಗಿ ಓದಿ. ಹಿಂದೆ ಕೂತವರಿಗೂ ಕೇಳಲಿ. ಕೊನೆಗೆ ಎಲ್ಲರೂ ನಗುತ್ತಾ ಮನೆಗೆ ಹೋದರು ಎಂದು ಬರೆಯಲು ನನಗೂ ಆಸೆಯಿತ್ತು. ಹಾಗೆ ಆಗಲಿಲ್ಲ, ಆಗದ್ದನ್ನು ಬರೆಯಲು ನನಗೆ ಬರುವುದಿಲ್ಲ.

ನಾನು ದಾಕ್ಷಾಯಣಮ್ಮ. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ನಮ್ಮದು ಕೂಡ್ಲಿಗಿ, ಕೊಟ್ಟೂರು ನಡುವಿನ ಒಂದು ಸಣ್ಣ ಪಟ್ಟಣ. ಹೆಸರು ಹಾಕಿದರೆ ಊರವರು ನಮ್ಮ ಮನೆ ಮುಂದೆ ಬಂದು ಜಗಳ ತೆಗೆಯುತ್ತಾರೆ, ಅದಕ್ಕೇ ಹಾಕಿಲ್ಲ.

ನಮ್ಮ ಊರ ನಡುವೆಯೇ ಒಂದು ಗುಡ್ಡವಿದೆ. ಒಂದು ಮಗ್ಗುಲಿಗೆ ಹಳೇ ಊರು, ಇನ್ನೊಂದು ಮಗ್ಗುಲಿಗೆ ಹೈಸ್ಕೂಲು ಮತ್ತು ಹೊಸ ಬಡಾವಣೆ. ಪಟ್ಟಣ ಪಂಚಾಯ್ತಿ ಗಡಿಯೊಳಗೇ ಇದ್ದರೂ ಅದು ಕಾಡೇ. ಬಂಡೆಗಳು, ಕಾರೆ ಮುಳ್ಳು, ಬಾರೆ, ಕವಳೆ, ಸೀತಾಫಲ. ನವಿಲು, ಮುಳ್ಳುಹಂದಿ, ಕರಡಿ. ನೆತ್ತಿಯ ಹತ್ತಿರ ಬಂಡೆಯಲ್ಲಿ ಮಳೆನೀರು ನಿಲ್ಲುವ ಒಂದು ದೊಣೆ ಇದೆ. ಎಂಥ ಬೇಸಿಗೆಯಲ್ಲೂ ಅದು ಬತ್ತಿದ್ದನ್ನು ನಾನು ನೋಡಿಲ್ಲ.

ಹಳೇ ಊರಿನ ಮಕ್ಕಳು ಹೈಸ್ಕೂಲಿಗೆ ಹೋಗಬೇಕೆಂದರೆ ಗುಡ್ಡ ಬಳಸಿ ಹೆದ್ದಾರಿಯಲ್ಲಿ ಐದು ಕಿಲೋಮೀಟರ್ ಹೋಗಬೇಕು. ಈ 2008ರಲ್ಲಿ ಆ ರಸ್ತೆ ಹೇಗಿದೆಯೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದರ ಬೆನ್ನಿಗೆ ಒಂದು ಅದಿರಿನ ಲಾರಿ. ಬೇವಿನ ಮರವೂ ಕೆಂಪು, ಮಕ್ಕಳ ಬಿಳಿ ಅಂಗಿಯೂ ಕೆಂಪು. ಈ ವರ್ಷದ ಜನವರಿಯಲ್ಲಿ ಒಂಬತ್ತನೇ ತರಗತಿಯ ಒಂದು ಮಗು ಲಾರಿ ತಾಗಿ ಕಾಲು ಮುರಿದುಕೊಂಡಿತು.

ಬಸ್ ಸ್ಟ್ಯಾಂಡಿನ ಹತ್ತಿರ ರಾಜಾಸಾಬನ ಸೈಕಲ್ ಶಾಪ್ ಇದೆ. ಅವನ ಮಗಳು ಅಸ್ಫಿಯಾ ಆಗ ಹತ್ತನೇ ತರಗತಿಗೆ ಕಾಲಿಡುವವಳಿದ್ದಳು. ಅವರ ಮನೆತನದಲ್ಲಿ ಅಷ್ಟರ ಮಟ್ಟಿಗೆ ಓದಿದ ಹೆಣ್ಣು ಅವಳೇ ಮೊದಲು. ರಾಜಾಸಾಬ್ ಒಂದು ದಿನ ನನ್ನ ಹತ್ತಿರ ಬಂದ.

"ಟೀಚರ್ರ, ನಾ ಸೈಕಲ್ ರಿಪೇರಿ ಮಾಡಾಂವ. ನನ್ನ ಮಗಳನ್ನ ಸೈಕಲ್ ಹತ್ತಿಸಾಕ ನನಗ ಹೆದರಿಕಿ ಆಗತೈತಿ. ಆಕಿ ಮನಿಗಿ ಬರೂತನಕ ಕೈಯಾಗಿನ ಪಾನಾ ಕೈಯಾಗ ಇರತೈತಿ, ಕೆಲ್ಸ ಓಡಂಗಿಲ್ಲ. ಲಾರಿ ಇಲ್ಲದ ಒಂದು ದಾರಿ ಮಾಡಿಸ್ರಿ."

ನಮ್ಮ ವಾರ್ಡಿನ ಮೆಂಬರ್ ಅಮರೇಶ ನನ್ನ ಹಳೇ ಶಿಷ್ಯ. ನಾನು ಕೇಳಿದ ಕೂಡಲೇ ಹುಮ್ಮಸ್ಸಿನಿಂದ ಎದ್ದ.

"ಗುಡ್ಡದ ನಡುವ ನೇರ ದಾರಿ ಹೊಡಿಯೂಣು ಟೀಚರ್. ಒಂದೂವರಿ ಕಿಲೋಮೀಟರ್ ಅಷ್ಟ. ಮುಂಜಾನಿ ಸಕ್ಕರಿ ಕಾಯಿಲಿಯವ್ರು ವಾಕಿಂಗ್ ಮಾಡ್ತಾರ, ಹುಡುಗ್ರು ಸೈಕಲ್ ಮ್ಯಾಲ ಸಾಲಿಗೆ ಹೊಕ್ಕಾರ."

ಮೊದಲು ಚಪ್ಪಾಳೆ ತಟ್ಟಿದವಳು ನಾನೇ.

ಏಪ್ರಿಲ್ ತಿಂಗಳಲ್ಲಿ ಒಂದು ದಿನ ಗೂಟ ಹೊಡೆದು, ಹಗ್ಗ ಎಳೆದು, ಸುಣ್ಣದ ಪುಡಿ ಚೆಲ್ಲಿದೆವು. ಮನೆ ಪಾಯಕ್ಕೆ ಗೆರೆ ಹಾಕುತ್ತೇವಲ್ಲ, ಹಾಗೇ. ಸುಣ್ಣದ ಡಬ್ಬಿ ಹಿಡಿದಿದ್ದವಳು ನಾನು. ಅಷ್ಟರಲ್ಲಿ ಆಡು ಹೊಡೆದುಕೊಂಡು ಪಾಲಮ್ಮ ಬಂದಳು. ನಲವತ್ತು ವರ್ಷದಿಂದ ಅದೇ ಗುಡ್ಡದಲ್ಲಿ ಆಡು ಮೇಯಿಸಿದವಳು ಅವಳು.

"ಏನ್ ನಡಿಸೀರಿ ಇಲ್ಲಿ? ಮನಿ ಕಟ್ತೀರೇನು?"

"ಸೈಕಲ್ ದಾರಿ, ಪಾಲಮ್ಮ. ಹುಡುಗ್ರು ಸಾಲಿಗೆ ಹೋಗಾಕ," ಎಂದ ಅಮರೇಶ.

"ಚಲೋ ಆತು ಬಿಡಪ್ಪ. ಆದ್ರ ಇಲ್ಲಿ ಬ್ಯಾಡ. ಇದು ಕರಡಿ ದೊಣಿ ನೀರಿಗೆ ಹೋಗೋ ಜಾಗ."

ಅಮರೇಶ ನಕ್ಕ. "ಲಾರಿ ಸಪ್ಪಳಕ್ಕ ಕರಡಿ ಎಲ್ಲಾ ಗುಡೇಕೋಟಿ ಕಾಡಿನ ಕಡಿ ಹೋಗ್ಯಾವ. ನೀ ಕಣ್ಣಾರೆ ನೋಡಿ ಎಷ್ಟು ದಿನ ಆತು ಹೇಳು?"

"ನಾ ಅದನ್ನ ನೋಡಬಾರದು, ಅದು ನನ್ನ ನೋಡಬಾರದು. ಹಂಗ ಇರೋದಕ್ಕ ಇಬ್ರೂ ಉಳಿದೀವಿ." ಕೋಲಿನಿಂದ ಒಂದು ಹುತ್ತ ತೋರಿಸಿದಳು. ಗೆದ್ದಲಿಗಾಗಿ ಯಾವುದೋ ಪ್ರಾಣಿ ಅದರ ಬುಡ ತೋಡಿತ್ತು, ಮಣ್ಣಿನ ಮೇಲೆ ಉದ್ದುದ್ದ ಉಗುರಿನ ಗೆರೆಗಳಿದ್ದವು.

"ಅದು ಹಂದಿ ಕೆದರಿದ್ದು," ಎಂದ ಅಮರೇಶ.

"ಆಗ್ಲಪ್ಪ, ಹಂದೀನ ಅನ್ನು. ನನ್ನ ಮಾತು ಒಂದು ಕೇಳು. ದಾರಿ ಕೆಳಗ ಹಾಕ್ರಿ, ಗುಡ್ಡದ ಬುಡಕ, ಕೆರಿ ಏರಿ ಮಗ್ಗಲಾಗ. ಅಲ್ಲಿ ಬಯಲು ಐತಿ, ದೂರದಿಂದ ಎಲ್ಲಾ ಕಾಣತೈತಿ."

"ಅದು ಅರ್ಧ ಕಿಲೋಮೀಟರ್ ಸುತ್ತು ಆಕ್ಕೈತಿ."

"ಅರ್ಧ ಕಿಲೋಮೀಟರಿಗೆ ಹುಡುಗ್ರ ಕಾಲು ಸವೀತಾವೇನು? ಈಗ ಬ್ಯಾಸಗಿ, ಗಿಡ ಎಲ್ಲಾ ಬೋಳು. ಮಳಿ ಆದಮ್ಯಾಲ ಒಮ್ಮಿ ಬಂದು ನೋಡ್ರಿ, ದಸರಾ ಹೊತ್ತಿಗೆ ಒಮ್ಮಿ ನೋಡ್ರಿ. ವರ್ಷ ನೋಡಿ ಆಮ್ಯಾಲ ಗೂಟ ಹೊಡೀರಿ."

ಆಗ ನಾನು ಬಾಯಿ ಹಾಕಿದೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. "ಪಾಲಮ್ಮ, ನಿನ್ನ ಆಡಿನ ಮೇವು ಹೋಗ್ತೈತಿ ಅಂತ ಇಷ್ಟೆಲ್ಲಾ ಹೇಳಾಕ ಹತ್ತೀಯೇನು?" ಎಂದುಬಿಟ್ಟೆ. ಪಾಲಮ್ಮ ನನ್ನ ಮುಖ ನೋಡಿದಳು. ಆಡು ಹೊಡೆದುಕೊಂಡು ಹೋದಳು.

ಜೆಸಿಬಿ ಬಂತು. ಕಾರೆ, ಜಾಲಿ, ಕಳ್ಳಿ ಎಲ್ಲ ಎರಡೇ ದಿನದಲ್ಲಿ ಕಿತ್ತು ಹೋಯಿತು. ಸೀತಾಫಲದ ಗಿಡಗಳ ಹತ್ತಿರ ಬಂದಾಗ ಮಾತ್ರ ಎಲ್ಲರೂ ನಿಂತರು. ನಮ್ಮೂರಲ್ಲಿ ಹಣ್ಣು ಬಿಡುವ ಸೀತಾಫಲಕ್ಕೆ ಯಾರೂ ಕೊಡಲಿ ಎತ್ತುವುದಿಲ್ಲ. "ಇವು ಇರಲಿ ಬಿಡ್ರಪ್ಪ, ಹುಡುಗ್ರು ಸಾಲಿಯಿಂದ ಬರುವಾಗ ಹಸಿದಿರ್ತಾವ, ಹರಕೊಂಡು ತಿನ್ನಲಿ," ಎಂದೆ ನಾನು. ಎಲ್ಲರಿಗೂ ಆ ಮಾತು ಹಿಡಿಸಿತು. ದಾರಿಯ ಎರಡೂ ಬದಿಗೆ, ಅದರಲ್ಲೂ ಇಳಿಜಾರಿನ ತಿರುವಿನಲ್ಲಿ, ಸೀತಾಫಲ ಒತ್ತಾಗಿ ಉಳಿಯಿತು. ದಾರಿಗೆ ಹಾಕುವ ಗರಸು ಮಣ್ಣಿಗಾಗಿ ಗುಡ್ಡದ ಹಿಂಬದಿಯನ್ನು ಅಗೆದೆವು. ಅಲ್ಲಿದ್ದ ಹಣ್ಣಿನ ಗಿಡಗಳು ಮಣ್ಣಿನ ಜೊತೆ ಟ್ರ್ಯಾಕ್ಟರ್ ಹತ್ತಿ ಹೋದವು. ಅದನ್ನು ಯಾರೂ ಗಮನಿಸಲಿಲ್ಲ. ಅರಣ್ಯದವರನ್ನು ಒಂದು ಮಾತು ಕೇಳಬೇಕೆಂದೂ ನಮಗೆ ಹೊಳೆಯಲಿಲ್ಲ.

ಜೂನ್‌ನಲ್ಲಿ ತೆಂಗಿನಕಾಯಿ ಒಡೆದು ದಾರಿ ಶುರು ಮಾಡಿದೆವು. ಆ ದಾರಿಯಲ್ಲಿ ಹೈಸ್ಕೂಲಿಗೆ ಹೋಗುವ ಹನ್ನೊಂದು ಹುಡುಗಿಯರ ಸೈಕಲ್ಲಿಗೂ ರಾಜಾಸಾಬ್ ತಾನೇ ಬ್ರೇಕ್ ಸರಿಮಾಡಿ ಕೊಟ್ಟ. ನಾಲ್ಕು ತಿಂಗಳು ನಮ್ಮ ಊರಿನಷ್ಟು ಬುದ್ಧಿವಂತರ ಊರು ಇಲ್ಲ ಅಂದುಕೊಂಡೆವು. ಕೊಟ್ಟೂರಿನ ನಮ್ಮ ಬೀಗರೂ ಬಂದು ನೋಡಿ ಹೊಗಳಿದರು.

ಅಕ್ಟೋಬರ್ ಮೊದಲ ವಾರ ಪಾಲಮ್ಮ ನಮ್ಮ ಮನೆ ಬಾಗಿಲಿಗೆ ಬಂದಳು. ಕೂತುಕೋ ಎಂದರೂ ಕೂರಲಿಲ್ಲ.

"ಟೀಚರಮ್ಮ, ಸೀತಾಫಲ ಕಣ್ಣು ಬಿಟ್ಟಾವ, ಇನ್ನ ಹಣ್ಣಾಗ್ತಾವ. ಹಿಂಬದಿ ಗಿಡ ಇಲ್ಲ, ಹಣ್ಣೆಲ್ಲಾ ನಿಮ್ಮ ದಾರಿ ದಂಡಿಗೇ ಐತಿ, ಕರಡಿ ಅಲ್ಲಿಗೇ ಬರತೈತಿ. ಎರಡು ತಿಂಗಳು ದಾರಿ ಮುಚ್ರಿ. ಆಗಂಗಿಲ್ಲಾಂದ್ರ ಹೊತ್ತು ಏರಿದಮ್ಯಾಲ ಬಿಡ್ರಿ, ಹೊತ್ತು ಇಳಿಯೋಕ ಮೊದಲ ಮುಚ್ರಿ."

"ಇಷ್ಟು ದಿನ ವಾಕಿಂಗಿನವರು ಹೋಗ್ಯಾರ, ಬಂದಾರ. ಏನೂ ಆಗಿಲ್ಲಲ್ಲ ಪಾಲಮ್ಮ?"

"ನಡಿಯೋರು ಮಾತಾಡ್ಕೊಂತ ಹೊಕ್ಕಾರ. ಕರಡಿಗೆ ಕೇಳತೈತಿ, ಅದು ಸರಕೊಂತೈತಿ. ಸೈಕಲ್ ಇಳಿಜಾರಿನಾಗ ಸಪ್ಪಳಿಲ್ಲದ ಬರತೈತಿ. ಕರಡಿಗೆ ಕಣ್ಣು ಮಂದ. ಎದುರಿಗೆ ಬಂದು ನಿಂತಮ್ಯಾಲ ಗೊತ್ತಾಗತೈತಿ, ಆಗ ಅದು ಹೆದರಿ ಮೈಮ್ಯಾಲ ಬೀಳತೈತಿ."

ಈ ಸಲ ನಾನು ಅವಳ ಮಾತು ನಂಬಿದೆ. ಅಮರೇಶನಿಗೆ ಫೋನ್ ಮಾಡಿದೆ. "ಈಗ ಸ್ಪೆಷಲ್ ಕ್ಲಾಸ್ ಸುರು ಆಗ್ಯಾವ ಟೀಚರ್, ಹುಡುಗ್ರು ಏಳಕ್ಕ ಹೋಗಬೇಕು. ದೀಪಾವಳಿ ಆಗ್ಲಿ, ಮೀಟಿಂಗ್ ಕರೀತೀನಿ," ಎಂದ. "ಆಯ್ತಪ್ಪ" ಎಂದೆ. ಹಠ ಹಿಡಿದಿದ್ದರೆ ಅವನು ನನ್ನ ಮಾತು ಮೀರುತ್ತಿರಲಿಲ್ಲ. ನಾನು ಹಠ ಹಿಡಿಯಲಿಲ್ಲ.

ಅದಾದ ಹತ್ತನೇ ದಿನ, ಬೆಳಿಗ್ಗೆ ಆರೂ ಮುಕ್ಕಾಲು. ಮುಂದೆ ಅಸ್ಫಿಯಾ, ಹಿಂದೆ ಅವಳ ಗೆಳತಿ ಶೈಲಾ, ಅವಳ ಹಿಂದೆ ಉಳಿದವರು. ತಿರುವಿನ ಸೀತಾಫಲದ ಗಿಡದ ಬುಡದಲ್ಲಿ ಮರಿ ಕಟ್ಟಿಕೊಂಡ ತಾಯಿ ಕರಡಿ ಹಣ್ಣು ತಿನ್ನುತ್ತಿತ್ತು. ಅಸ್ಫಿಯಾಳ ಸೈಕಲ್ ಅದರ ಮೇಲೇ ಹೋಯಿತು. ಶೈಲಾ ನನಗೆ ಹೇಳಿದ್ದು ಇಷ್ಟೇ. ಆಮೇಲಿನದನ್ನು ಅವಳು ಹೇಳಲೂ ಇಲ್ಲ, ನಾನು ಕೇಳಲೂ ಇಲ್ಲ.

ಅಸ್ಫಿಯಾ ಬದುಕಿದಳು. ಬಳ್ಳಾರಿಯ ಆಸ್ಪತ್ರೆಯಲ್ಲಿ ಒಂದೂವರೆ ತಿಂಗಳಿದ್ದಳು. ಎಡಗಣ್ಣು ಹೋಯಿತು, ಅರ್ಧ ಮುಖ ಹೋಯಿತು, ಬಲಗೈಯ ಎರಡು ಬೆರಳು ಹೋದವು.

ಅದೇ ದಿನ ಮಧ್ಯಾಹ್ನ ಗಂಡಸರು ಬಡಿಗೆ, ಕೊಡಲಿ ಹಿಡಿದು ಗುಡ್ಡ ಹತ್ತಿದರು. ದೊಣೆಯ ಹತ್ತಿರ ತಾಯಿ ಕರಡಿಯನ್ನು ಹೊಡೆದು ಕೊಂದರು. ಹೊಡೆದವರಲ್ಲಿ ನನ್ನ ಶಿಷ್ಯರೂ ಇದ್ದರು. ಮರಿ ಏನಾಯಿತೋ ಯಾರಿಗೂ ಗೊತ್ತಿಲ್ಲ. ಪಾಲಮ್ಮ ಬಂಡೆಯ ಮೇಲೆ ಕೂತು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಆ ಹುಡುಗಿಗೆ ಅಳುತ್ತಿದ್ದಳೋ, ಕರಡಿಗೆ ಅಳುತ್ತಿದ್ದಳೋ, ಕೇಳುವ ಮುಖ ನನಗಿರಲಿಲ್ಲ.

ದಾರಿಗೆ ಮುಳ್ಳು ಹೊಡೆದು ಮುಚ್ಚಿದರು. ಹನ್ನೊಂದು ಹುಡುಗಿಯರಲ್ಲಿ ನಾಲ್ವರು ಮತ್ತೆ ಲಾರಿ ರಸ್ತೆ ಹಿಡಿದರು. ಉಳಿದವರು ಮನೆಯಲ್ಲಿದ್ದಾರೆ. ಒಬ್ಬಳಿಗೆ ಆಗಲೇ ಗಂಡು ನೋಡುತ್ತಿದ್ದಾರೆ.

ಅಮರೇಶ ಒಂದು ವಾರ ಮನೆ ಬಿಟ್ಟು ಹೊರಗೆ ಬರಲಿಲ್ಲ. ಆಮೇಲೆ ನನ್ನನ್ನು ಕರೆದುಕೊಂಡು ಪಾಲಮ್ಮನ ಗುಡಿಸಲಿಗೆ ಹೋದ.

"ಪಾಲಮ್ಮ, ತಪ್ಪಾತು. ನೀ ಹೇಳಿದ ದಾರಿ ತೋರಿಸು," ಎಂದ.

ಪಾಲಮ್ಮ ಬಯ್ಯಲಿಲ್ಲ. ಬಯ್ದಿದ್ದರೆ ನಮಗೆ ಸ್ವಲ್ಪ ಹಗುರವಾಗುತ್ತಿತ್ತು. ಕೆರೆ ಏರಿಯ ಮಗ್ಗುಲಿಗೆ ಮೂವರೂ ನಡೆದೆವು. "ಇಲ್ಲಿ ಬಯಲು ಐತಿ, ಸೈಕಲ್ ಬರಲಿ. ಈ ಹುಲ್ಲಿನಾಗ ಬ್ಯಾಸಿಗಿ ದಿನ ಹಕ್ಕಿ ನೆಲದ ಮ್ಯಾಲ ತತ್ತಿ ಇಡ್ತಾವ, ಇಲ್ಲಿ ಇಳಿದು ನಡಕೊಂತ ಹೋಗ್ಲಿ. ಆ ಹಣ್ಣಿನ ಗಿಡದ ತಂಟಿಗೆ ಹೋಗಬ್ಯಾಡ್ರಿ, ದಾರಿ ದೂರ ಇರಲಿ. ಮಳಿಗಾಲದಾಗ ಇಷ್ಟು ಮಟ ನೀರು ಬರತೈತಿ, ಗೂಟ ಮ್ಯಾಲ ಹೊಡಿ." ನಲವತ್ತು ವರ್ಷದ ಅವಳ ತಿಳಿವಳಿಕೆ ನಮಗೆ ಒಂದು ಬೆಳಗಿನಲ್ಲಿ ಸಿಕ್ಕಿತು. ಏಪ್ರಿಲ್‌ನಲ್ಲೇ ಸಿಗುತ್ತಿತ್ತು.

ಅಮರೇಶ ಒಪ್ಪಿದ, ನಾನು ಒಪ್ಪಿದೆ. ಊರು ಒಪ್ಪಲಿಲ್ಲ. ಸಭೆ ಕರೆದರೆ ಒಂಬತ್ತು ಜನ ಬಂದರು. "ಇನ್ನೊಂದು ದಾರಿ ಮಾಡಿ ಇನ್ನೊಂದು ಹುಡುಗೀನ ಕೊಲ್ತೀರೇನು?" ಎಂದು ಒಬ್ಬರು ಕೇಳಿದರು. "ಗುಡ್ಡಕ್ಕ ಬೆಂಕಿ ಹಚ್ರಿ, ಕ್ವಾರಿ ಮಾಡ್ರಿ, ಪೀಡಾ ಹೋಗ್ಲಿ," ಎಂದು ಮತ್ತೊಬ್ಬರು ಕೂಗಿದರು. ಹೊಸ ಗೂಟ ಇವತ್ತಿನವರೆಗೂ ಬಿದ್ದಿಲ್ಲ.

ಡಿಸೆಂಬರಿನಲ್ಲಿ ನಾನು ಹೈಸ್ಕೂಲಿನಿಂದ ಎಸ್ಸೆಸೆಲ್ಸಿ ಪರೀಕ್ಷೆಯ ಅರ್ಜಿ ತೆಗೆದುಕೊಂಡು ರಾಜಾಸಾಬನ ಮನೆಗೆ ಹೋದೆ. ಅಸ್ಫಿಯಾ ಮುಖದ ಮೇಲೆ ದುಪಟ್ಟಾ ಎಳೆದುಕೊಂಡು ಗೋಡೆಯ ಕಡೆಗೆ ಕೂತಿದ್ದಳು.

"ಕೈ ಬರತೈತಿ ಟೀಚರ್, ನಿಧಾನ ಬರತೈತಿ. ನಾ ಪರೀಕ್ಷಿ ಬರೀತೀನಿ," ಎಂದಳು.

ಅವಳ ತಾಯಿ ಮಹಬೂಬ್ ಬೀ ಅರ್ಜಿಯನ್ನು ಮುಟ್ಟಲಿಲ್ಲ.

"ಆಕಿ ಬರೀತಾಳ ಟೀಚರಮ್ಮ, ನನಗ ಗೊತ್ತೈತಿ. ಯಾವ ದಾರೀಲೆ ಕಳಸ್ಲಿ, ಅದನ್ನ ಹೇಳ್ರಿ."

ಆಟೋದಲ್ಲಿ ಕರೆದೊಯ್ಯುತ್ತೇನೆ, ನಾನೇ ಜೊತೆಗೆ ಬರುತ್ತೇನೆ ಎಂದು ಏನೇನೋ ಹೇಳಿದೆ. ಅವರು ಕೇಳಿಸಿಕೊಂಡರು, ಅಷ್ಟೇ. ರಾಜಾಸಾಬ್ ಹೊರಗೆ ಬೆನ್ನು ಮಾಡಿ ನಿಂತಿದ್ದ, ಒಳಗೆ ಬರಲಿಲ್ಲ.

ಅಕ್ಕಂದಿರೇ, ದಾರಿ ಮಾಡಬೇಡಿ ಎಂದು ನಾನು ಹೇಳುವುದಿಲ್ಲ. ನಡೆಯಲು, ಸೈಕಲ್ ತುಳಿಯಲು ದಾರಿ ಬೇಕೇ ಬೇಕು, ಲಾರಿಯ ಕೆಳಗೆ ಮಕ್ಕಳನ್ನು ಕಳಿಸಲಾಗುವುದಿಲ್ಲ. ಆದರೆ ನಿಮ್ಮ ಊರ ಗುಡ್ಡದಲ್ಲೋ ಕೆರೆಯಂಗಳದಲ್ಲೋ ಗೆರೆ ಎಳೆಯುವ ಮೊದಲು, ಅಲ್ಲಿ ಆಡು ಮೇಯಿಸುವವರನ್ನು, ಸೌದೆ ತರುವವರನ್ನು, ಅರಣ್ಯದವರನ್ನು ಕರೆದು ಕೂರಿಸಿ ಕೇಳಿ. ಬೇಸಿಗೆಯಲ್ಲಿ ನೋಡಿದ್ದನ್ನು ಮಳೆಗಾಲದಲ್ಲಿ ಮತ್ತೆ ನೋಡಿ, ಹಣ್ಣಿನ ಕಾಲದಲ್ಲಿ ಮತ್ತೆ ನೋಡಿ. ಕಾಡಿನ ನಡುವೆ ಸೀಳದೆ ಅಂಚಿನಲ್ಲಿ ಬಳಸಿ ಹೋಗಿ, ಸುತ್ತಾದರೆ ಆಗಲಿ. ಪ್ರಾಣಿಗೆ ಬೇಕಾದ ಹಣ್ಣನ್ನೂ ನೀರನ್ನೂ ದಾರಿಯಿಂದ ದೂರ ಇರಗೊಡಿ. ಯಾವ ಹೊತ್ತಿಗೆ ತೆರೆಯಬೇಕು, ಯಾವ ತಿಂಗಳು ಮುಚ್ಚಬೇಕು ಎಂದು ಮೊದಲೇ ಗೊತ್ತು ಮಾಡಿ, ಬೋರ್ಡಿನ ಮೇಲೆ ಬರೆಸಿ. ಸಭೆಯಲ್ಲಿ ಒಬ್ಬಳು ಎದ್ದು ಬೇಡ ಎಂದರೆ ಅವಳ ಬಾಯಿ ಮುಚ್ಚಿಸಬೇಡಿ. ನಾನು ಮುಚ್ಚಿಸಿದೆ.

ಓದುವುದನ್ನು ಇಲ್ಲಿಗೆ ನಿಲ್ಲಿಸಿ, ಇವತ್ತೇ ಮಾತಾಡಿ. ನಿಮಗೆ ಇನ್ನೂ ಸಮಯವಿದೆ. ಅಸ್ಫಿಯಾಳ ಪರೀಕ್ಷೆಯ ಅರ್ಜಿ ಸಲ್ಲಿಸುವ ಕೊನೇ ದಿನ ಮೊನ್ನೆ ಮುಗಿಯಿತು, ಅರ್ಜಿ ಅವರ ಮನೆಯಲ್ಲೇ ಉಳಿಯಿತು.