ಕಡಲೆಕಾಯಿ ಇಲ್ಲದ ಸಾಸು

ಆಹಾರ ಇಲಾಖೆಯ ಇನ್ಸ್‌ಪೆಕ್ಟರಮ್ಮನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಬಂದವಳು ಒಂದು ಲೋಟ ನೀರನ್ನೂ ಮುಟ್ಟುತ್ತಿರಲಿಲ್ಲ. ತಲೆಗೆ ಬಿಳಿ ಟೋಪಿ ಏರಿಸಿಕೊಂಡು ನಮ್ಮ ಶೆಡ್ಡಿನ ಮೂಲೆಮೂಲೆಗೂ ಟಾರ್ಚ್ ಬಿಡುತ್ತಿದ್ದಳು.

ಮನೆ ಹಿಂದಿನ ಆ ಶೆಡ್ಡೇ ನಮ್ಮ ಕಾರ್ಖಾನೆ. ಅಲ್ಲಿ ನಮ್ಮ ಅತ್ತೆಯವರ ಸಾಸು ಕುದಿಯುತ್ತದೆ. ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ವಿನೆಗರ್, ಹುರಿದು ಅರೆದ ಕಡಲೆಕಾಯಿ ಬೀಜ. ಊರಿನ ಅರ್ಧ ಅಡುಗೆಮನೆಗಳಲ್ಲಿ ಅದರ ಬಾಟಲಿ ಇದೆ. ಆದರೆ ನನ್ನ ತಂಗಿಯ ಮಗಳು ಪುಟ್ಟಿಗೆ ಅದೇ ವಿಷ. ಕಡಲೆಕಾಯಿಯ ಒಂದು ಚೂರು ನಾಲಿಗೆಗೆ ತಾಗಿದರೂ ತುಟಿ ಊದಿ, ಉಸಿರು ಕಟ್ಟಿ, ಆಸ್ಪತ್ರೆಗೆ ಓಡಬೇಕು. ಎಲ್ಲರೂ ಬಾಯಿ ಚಪ್ಪರಿಸುವಾಗ ಆ ಮಗು ಮನೆಯಿಂದ ತಂದ ಸಪ್ಪೆ ಊಟದ ಡಬ್ಬಿ ಬಿಚ್ಚುವುದನ್ನು ನೋಡಿ ನನ್ನ ಕರುಳು ಚುರುಕ್ ಎನ್ನುತ್ತಿತ್ತು. ಅವಳಿಗೆಂದೇ ಕುಂಬಳದ ಬೀಜ ಹುರಿದು ಹೊಸ ಸಾಸು ಮಾಡತೊಡಗಿದೆ. ಎಷ್ಟೋ ಹಂಡೆ ಹಾಳು ಮಾಡಿದ ಮೇಲೆ ರುಚಿ ಕೈಗೆ ಹತ್ತಿತು. ಇಂಥ ಮಕ್ಕಳು ಇನ್ನೆಷ್ಟು ಮನೆಗಳಲ್ಲಿದ್ದಾರೋ, ಮಾರಾಟಕ್ಕೇ ಇಡೋಣ ಎಂದುಕೊಂಡೆ.

ಅಷ್ಟರಲ್ಲಿ ಇನ್ಸ್‌ಪೆಕ್ಟರಮ್ಮ ಹಾಜರು. ಪುಟ್ಟಿಯ ಕಥೆಯನ್ನೆಲ್ಲ ಅವಳಿಗೆ ಹೇಳಿದೆ.

"ಕಡಲೆಕಾಯಿ ಇಲ್ಲ ಅಂತ ಲೇಬಲ್ ಮೇಲೆ ಹಾಕ್ಬೇಕಾದ್ರೆ ಬೇರೆ ರೂಮು, ಬೇರೆ ಪಾತ್ರೆ, ಬೇರೆ ಮಿಕ್ಸಿ. ಲ್ಯಾಬ್ ರಿಪೋರ್ಟ್ ಬರೋವರೆಗೂ ಒಂದು ಬಾಟ್ಲಿನೂ ಹೊರಗೆ ಹೋಗೋ ಹಾಗಿಲ್ಲ."

"ನಾವೇನು ಸಾಸ್ ಮಾಡ್ತಿದೀವೋ, ಬಾಂಬ್ ಮಾಡ್ತಿದೀವೋ?"

"ನಿಮ್ಮ ಪುಟ್ಟಿಗೆ ಎರಡೂ ಒಂದೇ ಅಲ್ವಾ?"

ಅವಳ ಮಾತು ನಿಜ. ಅದಕ್ಕೂ ಸಿಟ್ಟು ಬಂತು. ಗೋಡೆ ಎದ್ದಿತು, ಹೊಸ ಪಾತ್ರೆಗಳು ಬಂದವು. "ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲೇ," ಎಂದು ನಮ್ಮವರು ಗೊಣಗುತ್ತಲೇ ಬಾಗಿಲಿಗೆ ಬಣ್ಣ ಬಳಿದರು.

ಹೊಸ ರೂಮಿನಲ್ಲಿ ಮೊದಲ ಹಂಡೆ ಇಳಿಯಿತು. ಸ್ಯಾಂಪಲ್ ಲ್ಯಾಬಿಗೆ ಹೋಯಿತು. ರಿಪೋರ್ಟಿನ ಸುಳಿವೇ ಇಲ್ಲ, ಪುಟ್ಟಿಯ ಹುಟ್ಟುಹಬ್ಬ ಬಂದೇಬಿಟ್ಟಿತು. ನಾಳೆಯೇ ತಂಗಿಯ ಮನೆಯಲ್ಲಿ ಊಟ. ಒಂದು ಬಾಟಲಿಗೆ ಇಲಾಖೆಯವರ ಅಪ್ಪಣೆ ಬೇರೆ ಕೇಡು ಎಂದುಕೊಂಡು ಅದನ್ನು ಚೀಲಕ್ಕೆ ಹಾಕಿ ನಮ್ಮವರ ಕೈಗೆ ಕೊಡುತ್ತಿದ್ದೆ. ಇನ್ಸ್‌ಪೆಕ್ಟರಮ್ಮ ಗೇಟು ತೆಗೆದು ಒಳಗೆ ಬಂದಳು.

"ಕಡಲೆಕಾಯಿ ಅಂಶ ಸಿಕ್ಕಿದೆ."

"ಸಾಧ್ಯವೇ ಇಲ್ಲ! ನಿಮ್ಮ ಲ್ಯಾಬಿನವರು ಕಡಲೆಕಾಯಿ ತಿಂದು ಕೈ ತೊಳೆದಿರಲ್ಲ, ಅಷ್ಟೇ!"

ಬಾಗಿಲ ಬಳಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಅತ್ತೆ ತಲೆ ಎತ್ತಿದರು. "ಪಾಪ, ಅವರ ಮೇಲೆ ಯಾಕೆ ಹಾರಾಡ್ತೀಯ? ಒಂದು ಸೌಟು ನಾನೇ ಹಾಕಿದ್ದು."

ನಮ್ಮ ಮನೆಯಲ್ಲೊಂದು ಪದ್ಧತಿ. ಸಾಸಿನ ಹೊಸ ಹಂಡೆ ಇಟ್ಟಾಗಲೆಲ್ಲ ಹಳೆಯದರ ಒಂದು ಸೌಟು ಅದಕ್ಕೆ ಬೀಳಲೇಬೇಕು. ಅತ್ತೆಗೆ ಅವರ ಅತ್ತೆ ಕಲಿಸಿದ್ದು. ಅದು ಕಡಲೆಕಾಯಿ ಸಾಸಿಗೆ ಮಾತ್ರ ಎಂದು ನಾನು ತಿಳಿದಿದ್ದೆ. ಬಿಡಿಸಿ ಹೇಳಬೇಕೆಂದು ನನಗೆ ಹೊಳೆದಿರಲಿಲ್ಲ.

"ಸೊಸೆ ಮೊದಲ್ನೇ ಸಲ ಸ್ವಂತ ಹಂಡೆ ಇಟ್ಟಿದಾಳೆ, ಹಾಗೇ ಬಿಡೋಕಾಗುತ್ತಾ? ಮೇಡಂ ಹೇಳಿದ ಹಾಗೆ ಟೋಪಿ ಹಾಕ್ಕೊಂಡೇ ಹೋಗಿದ್ದೆ," ಎಂದರು ಅತ್ತೆ, ಶಭಾಷ್ ಎನ್ನಿ ಎಂಬಂತೆ.

"ಅತ್ತೇ! ಅದರಲ್ಲಿ ಕಡಲೆಕಾಯಿ ಇದೆ!"

"ಅಷ್ಟು ದೊಡ್ಡ ಹಂಡೆಗೆ ಒಂದು ಸೌಟು ಯಾವ ಲೆಕ್ಕ? ಕುದ್ದು ಕುದ್ದು ಹೋಗಿರುತ್ತೆ."

"ಹೋಗಲ್ಲ ಅಮ್ಮ," ಇನ್ಸ್‌ಪೆಕ್ಟರಮ್ಮ ಮೆಲ್ಲಗೆ ಹೇಳಿದಳು. "ಎಷ್ಟು ಕುದಿಸಿದ್ರೂ ಹೋಗಲ್ಲ. ಆ ಮಗುಗೆ ಅಷ್ಟೇ ಸಾಕು."

ಅತ್ತೆಯ ಕಣ್ಣು ನಮ್ಮವರ ಕೈಯಲ್ಲಿದ್ದ ಚೀಲದ ಮೇಲೆ ಬಿತ್ತು. "ಅಯ್ಯೋ, ನಾಳೆ ಆ ಮಗು..." ಎಂದವರೇ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತರು. ಅವರನ್ನು ಬೈಯಬೇಕೆಂದಿದ್ದೆ. ಆದರೆ ಚೀಲ ಕೊಟ್ಟವಳು ನಾನೇ ತಾನೇ? ಹೋಗಿ ಅವರ ಪಕ್ಕದಲ್ಲಿ ಕೂತೆ.

ಆ ಸಾಸನ್ನೆಲ್ಲ ಸುರಿದೆವು. ಮರುದಿನ ಹುಟ್ಟುಹಬ್ಬಕ್ಕೂ ಪುಟ್ಟಿಗೆ ಸಪ್ಪೆ ಊಟವೇ ಆಯಿತು. ರೂಮು, ಪಾತ್ರೆ ಎಲ್ಲ ತಿಕ್ಕಿ ತೊಳೆದು ಮತ್ತೆ ಹಂಡೆ ಇಟ್ಟೆ. ಅತ್ತೆ ಹೊಸ ರೂಮಿನ ಹೊಸ್ತಿಲು ತುಳಿಯಲಿಲ್ಲ. ಕರೆದರೆ, "ಬೇಡಮ್ಮ, ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲ" ಎನ್ನುವರು.

ಈ ಸಲ ರಿಪೋರ್ಟ್ ಚೊಕ್ಕವಾಗಿ ಬಂತು. ಹಿಂದೆ ನಮ್ಮನ್ನು ಗೇಟಿನಿಂದಲೇ ಸಾಗಹಾಕಿದ್ದ ದೊಡ್ಡ ಅಂಗಡಿಯವರು ಅದನ್ನು ನೋಡಿಯೇ ಬಾಟಲಿಗಳನ್ನು ಮುಂದಿನ ಶೆಲ್ಫಿನಲ್ಲಿಟ್ಟರು. ಪರದೇಶದಿಂದಲೂ ಒಬ್ಬ ವ್ಯಾಪಾರಿ ಫೋನ್ ಮಾಡಿದ. ಅವನು ಬೆಲೆ ಆಮೇಲೆ ಕೇಳಿದ, ಮೊದಲು ಕೇಳಿದ್ದು ರಿಪೋರ್ಟು. ರಿಪೋರ್ಟ್ ತಂದುಕೊಟ್ಟ ದಿನ ಇನ್ಸ್‌ಪೆಕ್ಟರಮ್ಮ ನಮ್ಮ ಮನೆಯಲ್ಲಿ ಮೊದಲ ಸಲ ನೀರು ಕುಡಿದಳು.

ಭಾನುವಾರ ಪುಟ್ಟಿ ಊಟಕ್ಕೆ ಬಂದಳು. ನಾನು ಸಾಸು ಬಡಿಸಿದೆ. ಅತ್ತೆ ತಮ್ಮ ತಟ್ಟೆ ಮುಟ್ಟದೆ ಅವಳ ತುಟಿಯನ್ನೇ ನೋಡುತ್ತ ಕೂತರು. ಹುಡುಗಿ ಬಾಯೆಲ್ಲ ಕೆಂಪು ಮಾಡಿಕೊಂಡು, ಬೆರಳು ನೆಕ್ಕಿ, "ದೊಡ್ಡಮ್ಮಾ, ಇನ್ನೂ ಬೇಕು!" ಎಂದಳು.

ನಾನು ಬಾಟಲಿಯನ್ನು ಅತ್ತೆಯ ಕಡೆ ಸರಿಸಿದೆ. "ನೀವು ಬಡಿಸಿ ಅತ್ತೆ."

ಅತ್ತೆ ನನ್ನ ಮುಖ ನೋಡಿದರು. ಎದ್ದು ಹೋಗಿ ಸೋಪು ಹಚ್ಚಿ ಕೈ ತೊಳೆದರು. ಬಂದು ಕೂತು, ಮತ್ತೆ ಎದ್ದು ಹೋಗಿ ಇನ್ನೊಮ್ಮೆ ತೊಳೆದರು. ಆಮೇಲೆ ಬಾಟಲಿ ಎತ್ತಿಕೊಂಡರು.