ತಾಳ ಹಾಕದ ಕೈ

ರಾಮೋತ್ಸವದ ಸಂಗೀತಕ್ಕೆಂದು ತುಮಕೂರಿಗೆ ಬಂದಿಳಿದ ಗೋವಿಂದರಾಜುವಿಗೆ ಮೊದಲು ಕಂಡದ್ದು ಫ್ಲೆಕ್ಸು. ಅದರಲ್ಲಿ ಸೈಟು ಮಾರುವ ಪ್ರಾಯೋಜಕರ ಮುಖ ಶ್ರೀರಾಮನ ಮುಖಕ್ಕಿಂತ ದೊಡ್ಡದಾಗಿತ್ತು. ಗಾಯಕಿ ಭಾನುಪ್ರಿಯಾಳದು ಅಂಗೈಯಷ್ಟು. ಅವನದು ಇರಲೇ ಇಲ್ಲ. ಕೆಳಗೆ 'ಮತ್ತು ಸಂಗಡಿಗರು' ಎಂದು ಬರೆದಿತ್ತು. ಇಪ್ಪತ್ತೆಂಟು ವರ್ಷ ಮೋರ್ಸಿಂಗ್ ನುಡಿಸಿ ಕೊನೆಗೆ ಸಂಗಡಿಗನಾದೆನಲ್ಲ ಎಂದು ಅವನಿಗೆ ಮೈಯೆಲ್ಲ ಉರಿಯಿತು.

ಮೋರ್ಸಿಂಗ್ ಎಂದರೆ ಮುಂಬಲ್ಲಿಗೆ ಒತ್ತಿ ಹಿಡಿದು ಬೆರಳಿನಿಂದ ಮೀಟುವ ಪುಟ್ಟ ಕಬ್ಬಿಣದ ವಾದ್ಯ. ಜೇಬಿನಲ್ಲಿ ಹಿಡಿಸುತ್ತದೆ. ಅದನ್ನು ನುಡಿಸುವವನ ಅಹಂಕಾರಕ್ಕೆ ಮಾತ್ರ ಲಾರಿಯೂ ಸಾಲದು. ಗೋವಿಂದರಾಜು ಹುಟ್ಟಿದ್ದು ಕುಣಿಗಲ್ಲಿನಲ್ಲಿ. ಆ ಮಾತನ್ನು ಅವನು ಯಾರಿಗೂ ಹೇಳಿದವನಲ್ಲ. ಕೇಳಿದವರಿಗೆಲ್ಲ ಮಲ್ಲೇಶ್ವರಂ ಎನ್ನುತ್ತಿದ್ದ, ಎನ್ನುತ್ತಾ ಎನ್ನುತ್ತಾ ತಾನೇ ನಂಬಿಬಿಟ್ಟಿದ್ದ.

ಈ ಊರಿಗೆ ಅವನು ಬಂದದ್ದಕ್ಕೆ ಒಂದೇ ಕಾರಣ. ಭಾನುಪ್ರಿಯಾಗೆ ಡಿಸೆಂಬರಿನಲ್ಲಿ ಚೆನ್ನೈಯ ದೊಡ್ಡ ಸಭೆಯೊಂದರಲ್ಲಿ ಕಛೇರಿ ಸಿಕ್ಕಿತ್ತು. ಅವನಿಗಿಂತ ಹದಿನೈದು ವರ್ಷಕ್ಕೆ ಚಿಕ್ಕವಳು. ಫೋನಿನಲ್ಲಿ ನಯವಾಗಿಯೇ ಹೇಳಿದ್ದಳು. "ರಾಜು ಸಾರ್, ತುಮಕೂರಲ್ಲಿ ನಿಮ್ಮ ತನಿ ಕೇಳ್ತೀನಿ. ಆ ಹೊಸ ಮುಕ್ತಾಯ ನುಡಿಸಿ. ಸರಿಯಾಗಿ ಕೂತ್ರೆ ಚೆನ್ನೈಗೆ ನೀವೇ." ಚೆನ್ನೈ ಎಂದರೆ ಅವನಿಗೆ ಬದುಕಿನ ಕೊನೆಯ ಬಸ್ಸು. ನಲವತ್ತಾರು ದಾಟಿದೆ, ಇನ್ನು ಕಾದರೆ ಯಾರೂ ಹತ್ತಿಸಿಕೊಳ್ಳುವುದಿಲ್ಲ.

ಕಛೇರಿ ಮಾರನೆಯ ದಿನ. ಸಂಜೆ ಬಿಡುವಿತ್ತು. ಉತ್ಸವದ ಕಾರ್ಯದರ್ಶಿ ತಿಮ್ಮರಾಜು ಅವನನ್ನು ಒಬ್ಬ ಕಾರ್ಯಕರ್ತನಿಗೆ ಗಂಟುಹಾಕಿ ಕೈತೊಳೆದುಕೊಂಡ. ಆ ಕಾರ್ಯಕರ್ತನೇ ಬೆಟ್ಟಸ್ವಾಮಿ. ಐವತ್ತರ ಆಸುಪಾಸು, ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸ, ಶೆಟ್ಟಿಹಳ್ಳಿಯಲ್ಲಿ ಬಾಡಿಗೆ ಮನೆ, ಕೆಳಗೊಂದು ಹಳೆಯ ಮೊಪೆಡ್ಡು.

"ಬನ್ನಿ ಸಾರ್, ನಮ್ ತುಮ್ಕೂರು ಸಂಜೆ ಮೇಲೆ ಎಂಗಿರ್ತದೆ ಅಂತ ತೋರಿಸ್ತೀನಿ," ಎಂದ ಬೆಟ್ಟಸ್ವಾಮಿ. ಯಾವುದೋ ಅರಮನೆಯ ಬೀಗದ ಕೈ ತನ್ನ ಹತ್ತಿರವೇ ಇರುವಂತೆ ಹೇಳಿದ.

ಮೊಪೆಡ್ಡು ಎಂ.ಜಿ. ರಸ್ತೆಯಲ್ಲಿ ತೆವಳಿತು. ಬಟ್ಟೆ ಅಂಗಡಿಗಳ ಗೊಂಬೆಗಳು ಮದುವೆಗೆ ಹೊರಟಂತೆ ನಿಂತಿದ್ದವು. ಹುಡುಗಿಯರು ಗೋಬಿ ತಿನ್ನುತ್ತಾ ಫೋಟೊ ತೆಗೆದುಕೊಳ್ಳುತ್ತಿದ್ದರು. ಗೋಬಿಯ ಫೋಟೊ ಯಾಕೆ ಬೇಕು ಎಂದು ಗೋವಿಂದರಾಜುವಿಗೆ ತಿಳಿಯಲಿಲ್ಲ. ಅಮಾನಿಕೆರೆಯ ದಡದಲ್ಲಿ ಬಣ್ಣದ ದೀಪ ಉರಿಯುತ್ತಿತ್ತು, ಅದರ ಕೆಳಗೆ ಗಂಡಸರು ಶೂ ಹಾಕಿಕೊಂಡು ಸಕ್ಕರೆ ಕಾಯಿಲೆಯನ್ನು ಓಡಿಸಿಕೊಂಡು ಹೋಗುತ್ತಿದ್ದರು. ಮಂಡಿಪೇಟೆಯ ಹತ್ತಿರ ಕೊಬ್ಬರಿ ವಾಸನೆ, ಸದಾಶಿವನಗರದಲ್ಲಿ ಗ್ರಾನೈಟು ಮೆತ್ತಿದ ಮನೆಗಳು. ಪ್ರತಿ ಗೇಟಿಗೂ ಒಂದು ನಾಯಿ, ಪ್ರತಿ ನಾಯಿಗೂ ಇವರ ಮೊಪೆಡ್ಡಿನ ಮೇಲೇ ಸಿಟ್ಟು.

"ಇದು ನಮ್ಮ ಪಾಶ್ ಏರಿಯಾ ಸಾರ್."

"ಕಾಣುತ್ತೆ," ಎಂದ ಗೋವಿಂದರಾಜು.

ಅವನ ಕಣ್ಣಿಗೆ ಇಡೀ ಊರು ಬೆಂಗಳೂರಿನ ಹಳೇ ಬಟ್ಟೆ ತೊಟ್ಟು ಸಡಗರ ಪಡುತ್ತಿತ್ತು. ಬೆಟ್ಟಸ್ವಾಮಿಗೆ ಆ ತಿರಸ್ಕಾರ ಗೊತ್ತಾಗಲೇ ಇಲ್ಲ. ತಟ್ಟೆ ಇಡ್ಲಿ ತಿನ್ನಿಸಿದ. ಇನ್ನೊಂದು ಹಾಕಿಸಿದ. ಹೆಂಡತಿಯ ತವರು ಗುಬ್ಬಿ ಎಂದೂ, ಅಲ್ಲಿ ಅವಳ ಚಿಕ್ಕಪ್ಪ ನಾಟಕಕ್ಕೆ ತಬಲ ಬಾರಿಸುತ್ತಿದ್ದರೆಂದೂ, ತಾಳ ಕಲಿತದ್ದು ಅವರ ಪಕ್ಕದಲ್ಲಿ ಕೂತೇ ಎಂದೂ ಸಾಂಬಾರು ಸುರಿದುಕೊಳ್ಳುತ್ತಾ ವರದಿ ಒಪ್ಪಿಸಿದ. ನಾಟಕದ ತಬಲ ಎಂಬ ಮಾತಿಗೆ ಗೋವಿಂದರಾಜುವಿನ ಗಂಟಲಲ್ಲಿ ಇಡ್ಲಿ ನಿಂತಿತು.

ಕೊನೆಗೆ ಹೈವೇ ಪಕ್ಕದ ಒಂದು ಫ್ಯಾಮಿಲಿ ರೆಸ್ಟೋರೆಂಟಿಗೆ ಕರೆದೊಯ್ದ. ಊರಿನ ರಾತ್ರಿಯ ಮೋಜೆಲ್ಲ ಅಲ್ಲಿತ್ತಂತೆ. ನೀಲಿ ದೀಪ, ಮೂಲೆಯಲ್ಲಿ ಕೀಬೋರ್ಡು, ಮಿಂಚುವ ಕೋಟಿನ ಒಬ್ಬ ಗಾಯಕ. ಅವನು ಹಳೆಯ ಸಿನಿಮಾ ಹಾಡುಗಳನ್ನು ಒಂದೊಂದಾಗಿ ಕೊಂದು ಸಾಲಾಗಿ ಮಲಗಿಸುತ್ತಿದ್ದ. ಪಕ್ಕದ ಟೇಬಲ್ಲಿನವರು ಕಬಾಬು ಕಚ್ಚುತ್ತಲೇ ಒನ್ಸ್ ಮೋರ್ ಎಂದು ಕೂಗುತ್ತಿದ್ದರು. ಬೆಟ್ಟಸ್ವಾಮಿ ಮಾತ್ರ ಕಣ್ಣರಳಿಸಿ, ಟೇಬಲ್ಲಿನ ಮೇಲೆ ಬಲಗೈಯಿಂದ ತಾಳ ಹಾಕುತ್ತಿದ್ದ. ಗಾಯಕ ಓಡಿದರೂ, ಎಡವಿದರೂ ಆ ಕೈ ತನ್ನ ಪಾಡಿಗೆ ತಾನು ಬೀಳುತ್ತಿತ್ತು.

"ಏನ್ರೀ ಅದು, ಮೆಷಿನ್ ಥರ?"

"ಮೆಷಿನ್ನೇ ಸಾರ್ ಕಲ್ಸಿದ್ದು," ಎಂದು ಬೆಟ್ಟಸ್ವಾಮಿ ನಕ್ಕ. "ಪ್ರೆಸ್ ಮುಂದೆ ಇಪ್ಪತ್ತೆರಡು ವರ್ಷ ನಿಂತಿವ್ನಿ. ತಗಡು ಇಡ್ಬೇಕು, ಕೈ ತೆಗೀಬೇಕು, ಮೇಲಿಂದ ಬೀಳ್ತದೆ. ಈಗ ಸೆನ್ಸರ್ ಬಂದೈತೆ ಬುಡಿ, ಆವಾಗ ಇರ್ಲಿಲ್ಲ. ನಾನು ಮನ್ಸಲ್ಲೇ ಆದಿತಾಳ ಹಾಕ್ಕೊಂಡು ಕೆಲ್ಸ ಮಾಡ್ತಿದ್ದೆ. ನಮ್ ಬ್ಯಾಚಲ್ಲಿ ಹತ್ತು ಬೆರಳೂ ಇರೋನು ನಾನೊಬ್ನೇ."

ಹತ್ತೂ ಬೆರಳನ್ನು ಬಿಚ್ಚಿ ತೋರಿಸಿದ. ಗೋವಿಂದರಾಜು ನೋಡಲಿಲ್ಲ. ಅವನಿಗೆ ಆ ಹೊತ್ತಿನಲ್ಲಿ ತನ್ನ ವಿದ್ವತ್ತನ್ನು ಯಾರಿಗಾದರೂ ತೋರಿಸಲೇಬೇಕೆನಿಸಿತ್ತು.

"ಕೇಳಿ. ನಾಳೆ ನುಡಿಸೋ ಮುಕ್ತಾಯ ಇದು. ನಾನೇ ಹೆಣೆದದ್ದು. ಹಾಕಿ ನೋಡೋಣ ತಾಳ," ಎಂದು ಕಣ್ಣು ಮುಚ್ಚಿ, ತದಿಗಿಣತೊಂ ಎಂದು ಬಾಯಲ್ಲೇ ಹೇಳತೊಡಗಿದ. ಒಂದೇ ಜತಿ, ಎಂದರೆ ಪೆಟ್ಟುಗಳ ಒಂದೇ ಹೆಣಿಗೆ, ಮೂರು ಸಲ ಬಂದು ಮೂರನೆಯದರ ಕೊನೆಯ ಪೆಟ್ಟು ತಾಳದ ಮೊದಲ ಪೆಟ್ಟಿನ ಮೇಲೆ ಕೂರಬೇಕು. ಮೂರನೆಯ ಸಲಕ್ಕೆ ಬರುವಾಗ ಅವನಿಗೆ ತನ್ನ ಸೊಗಸಿಗೆ ತಾನೇ ಮರುಳಾಗಿ ಒಂದಿಷ್ಟು ಎಳೆಯುವ ಚಟ. ಎಳೆದ. ಕಣ್ಣು ತೆರೆದಾಗ ಬೆಟ್ಟಸ್ವಾಮಿಯ ಕೈ ಮೊದಲ ಪೆಟ್ಟನ್ನು ಮುಗಿಸಿ ಕಿರುಬೆರಳಿನ ಎಣಿಕೆಗೆ ಬಂದಿತ್ತು.

"ನಿಮ್ಮ ತಾಳ ಓಡ್ತು ಕಣ್ರೀ!"

"ಹೌದಾ ಸಾರ್?" ಬೆಟ್ಟಸ್ವಾಮಿಯ ಮುಖ ಸಣ್ಣಗಾಯಿತು. "ಇರ್ಬೋದು."

ಎರಡನೆಯ ಸಲ ಗೋವಿಂದರಾಜು ತಾನೇ ತಾಳ ಹಾಕಿಕೊಂಡು ಹೇಳಿದ. ಕೈ ಬಾಯಿಗಾಗಿ ಕೊಂಚ ಕಾದು ನಿಂತಿತು. ಮುಕ್ತಾಯ ಸೊಗಸಾಗಿ ಕೂತಿತು. ಕಛೇರಿಗಳಲ್ಲೂ ಹೀಗೇ. ಎದುರಿಗೆ ಗಾಯಕರ ಕೈ ಕಾಣುತ್ತಿದ್ದರೆ ಓರೆಗಣ್ಣಿನಲ್ಲಿ ಅದನ್ನು ನೋಡಿಕೊಂಡು, ಮಿಕ್ಕಿದ್ದನ್ನು ಕೊನೆಯಲ್ಲಿ ನುಂಗಿಬಿಡುತ್ತಿದ್ದ. ನುಂಗುತ್ತಿದ್ದೇನೆ ಎಂಬುದು ಅವನಿಗೂ ಗೊತ್ತಿರಲಿಲ್ಲ.

"ನೋಡಿದ್ರಾ? ಇದು ನಾಟಕದ ತಬಲ ಅಲ್ಲ," ಎಂದ. "ಒಂದು ಉಪಕಾರ ಮಾಡಿ. ನಾಳೆ ಮುಂದೆ ಕೂತು ಈ ಕೈ ಆಡಿಸಬೇಡಿ. ನನ್ನ ಕಣ್ಣಿಗೆ ಬಿದ್ರೆ ನನಗೆ ಕೆಡುತ್ತೆ. ನಿಮ್ಮಂಥೋರು ಸುಮ್ನೆ ಕೇಳಿದ್ರೆ ಸಾಕು."

"ಆಯ್ತು ಸಾರ್. ತಪ್ಪಾಯ್ತು," ಎಂದ ಬೆಟ್ಟಸ್ವಾಮಿ. ಕೈಯನ್ನು ಟೇಬಲ್ಲಿನಿಂದ ತೆಗೆದು ಮಡಿಲಲ್ಲಿಟ್ಟುಕೊಂಡ. ಆಮೇಲೆ ಗಾಯಕ ನಾಲ್ಕು ಹಾಡು ಹಾಡಿದರೂ ಆ ಕೈ ಮೇಲೆ ಬರಲಿಲ್ಲ.

ಮಾರನೆಯ ಸಂಜೆ ಸದಾಶಿವನಗರದ ಕಲ್ಯಾಣ ಮಂಟಪದಲ್ಲಿ ಕಛೇರಿ. ಇನ್ನೂರು ಪ್ಲಾಸ್ಟಿಕ್ ಕುರ್ಚಿ, ನೂರೈವತ್ತು ಜನ. ಭಾನುಪ್ರಿಯಾ ಚೆನ್ನಾಗಿಯೇ ಹಾಡಿದಳು. ಪಿಟೀಲಿನ ವೆಂಕಟರಂಗಯ್ಯನವರು ಹಿಂದೆಯೇ ನಡೆದರು. ಮೃದಂಗ ಸಂತೋಷನದು, ಹೇಳಿಕೊಟ್ಟದ್ದನ್ನು ಹಾಗೇ ನುಡಿಸುವ ಮಿತಭಾಷಿ. ಗೋವಿಂದರಾಜುವಿನ ಮೈಕು ಅರ್ಧ ಕೇಳುತ್ತಿತ್ತು, ಅರ್ಧ ಗೊರ್ ಎನ್ನುತ್ತಿತ್ತು. ಬೆಟ್ಟಸ್ವಾಮಿ ನಾಲ್ಕನೆಯ ಸಾಲಿನಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕೂತಿದ್ದ. ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟು ಅವುಗಳ ಮೇಲೆ ಕೂತುಬಿಟ್ಟಿದ್ದ. ಅದನ್ನು ಕಂಡು ಗೋವಿಂದರಾಜುವಿಗೆ ಒಳಗೊಳಗೇ ನಗು ಬಂತು. ಹೇಳಿದ ಮೇಲೆ ಕೇಳುತ್ತದೆ ಜಂತು ಎಂದುಕೊಂಡ.

ಮುಖ್ಯ ಕೃತಿ ಮುಗಿಯುತ್ತಿದ್ದಂತೆ ಭಾನುಪ್ರಿಯಾ ತಾಳದ ಕೈಯನ್ನು ಎತ್ತಿ ಹಾಕುತ್ತಾ ಸಂತೋಷನಿಗೂ ಇವನಿಗೂ ಕಣ್ಣಿನಲ್ಲೇ ಸನ್ನೆ ಮಾಡಿದಳು. ತನಿ ಆವರ್ತನ. ಲಯವಾದ್ಯದವರಿಗೆ ಇಡೀ ಸಂಜೆಯಲ್ಲಿ ಸಿಗುವ ಹತ್ತು ಹದಿನೈದು ನಿಮಿಷ.

ತನಿ ಎಂದರೆ ಜನಕ್ಕೆ ಏಳುವ ಹೊತ್ತು. ಅದು ಎಲ್ಲ ಊರಿನಲ್ಲೂ ಇದ್ದದ್ದೇ, ಆದರೆ ಇಲ್ಲಿ ಹೊರಗೆ ಪಾನಕ, ಕೋಸಂಬರಿ ಬೇರೆ ಇಟ್ಟಿದ್ದರು. ಮೃದಂಗದ ಮೊದಲ ಪೆಟ್ಟಿಗೇ ಕುರ್ಚಿಗಳು ಕಿರ್ ಎಂದವು. ಅಜ್ಜಿಯರು ಮೊದಲು, ಅವರ ಹಿಂದೆ ಸೊಸೆಯರು, ಕೊನೆಗೆ ತಲೆ ತೂಗುತ್ತಿದ್ದ ರಸಿಕರು ತಲೆ ತೂಗುತ್ತಲೇ ನಡೆದರು. ಕತ್ತೆಗೇನು ಗೊತ್ತು ಕಸ್ತೂರಿ ವಾಸನೆ ಎಂದು ಗೋವಿಂದರಾಜು ಹಲ್ಲಿಗೆ ಮೋರ್ಸಿಂಗ್ ಒತ್ತಿಕೊಂಡ. ಹೋಗಲಿ, ಕೇಳಬೇಕಾದವಳು ಪಕ್ಕದಲ್ಲೇ ಇದ್ದಾಳೆ.

ಒಬ್ಬರಾದ ಮೇಲೆ ಒಬ್ಬರಂತೆ ನುಡಿಸುವವರೆಗೆ ಎಲ್ಲ ಚೆನ್ನಾಗಿತ್ತು. ಇಬ್ಬರೂ ಕೂಡಿ, ಗೋವಿಂದರಾಜು ಸಂತೋಷನಿಗೆ ಮೊದಲೇ ಬರೆದುಕೊಟ್ಟಿದ್ದ ಮುಕ್ತಾಯಕ್ಕೆ ಇಳಿಯುವ ಹೊತ್ತಿಗೆ ಕಾರ್ಯದರ್ಶಿ ತಿಮ್ಮರಾಜು ಶಾಲು, ಹಾರ, ಪೇಟದ ತಟ್ಟೆ ಹೊರಿಸಿಕೊಂಡು ವೇದಿಕೆ ಹತ್ತಿಯೇಬಿಟ್ಟ. ಹಿಂದೆ ಫ್ಲೆಕ್ಸಿನ ದೊಡ್ಡ ಮುಖದ ಪ್ರಾಯೋಜಕರು.

"ಸಾಹೇಬ್ರು ಕುಣಿಗಲ್ಲಿಗೆ ರಿಸೆಪ್ಷನ್‌ಗೆ ಹೋಗ್ಬೇಕು ಮೇಡಂ. ಎರಡೇ ನಿಮಿಷ. ನೀವು ಬಾರಿಸ್ತಾ ಇರಿ ಸಾರ್, ಬ್ಯಾಕ್‌ಗ್ರೌಂಡಿಗೆ ಚೆನ್ನಾಗಿರ್ತದೆ."

ಭಾನುಪ್ರಿಯಾ ಕೈ ಅಡ್ಡ ಹಿಡಿದಳು. ಯಾರು ಕೇಳಬೇಕು? ಅವಳನ್ನು ಎಬ್ಬಿಸಿ ನಿಲ್ಲಿಸಿ ಪೇಟ ಇಟ್ಟರು. ತಾಳದ ಕೈಗೆ ಹಣ್ಣಿನ ಬುಟ್ಟಿ ಕೊಟ್ಟರು. ವೆಂಕಟರಂಗಯ್ಯನವರನ್ನೂ ಎಬ್ಬಿಸಿದರು. ವೇದಿಕೆಯಲ್ಲಿ ತಾಳ ಹಾಕುವ ಒಂದು ಕೈಯೂ ಉಳಿಯಲಿಲ್ಲ. ಸಂತೋಷ ತಲೆ ತಗ್ಗಿಸಿ ಕಣ್ಣು ಮುಚ್ಚಿ ನುಡಿಸುತ್ತಲೇ ಇದ್ದ.

ಗೋವಿಂದರಾಜು ಓರೆಗಣ್ಣಿನಲ್ಲಿ ವೇದಿಕೆಯನ್ನೆಲ್ಲ ಹುಡುಕಿದ. ಸಭೆಯತ್ತ ನೋಡಿದ. ಖಾಲಿ ಕುರ್ಚಿಗಳ ನಡುವೆ ಒಬ್ಬನೇ ಒಬ್ಬ ಬಿಳಿ ಅಂಗಿಯವನು ಕೋಸಂಬರಿಯ ಆಸೆ ಬಿಟ್ಟು ಕೂತಿದ್ದ. ಜತಿಯ ಎರಡನೆಯ ಸಲ ಮುಗಿಯುತ್ತಿತ್ತು. ಬಾಯಲ್ಲಿ ಕಬ್ಬಿಣ, ಕೈಗಳೆರಡೂ ಬಾಯಿಯ ಹತ್ತಿರ. ಗೋವಿಂದರಾಜು ಹುಬ್ಬು ಹಾರಿಸಿದ. ಕಣ್ಣು ಅಗಲಿಸಿದ. ತಲೆಯನ್ನು ಕೆಳಗೆ ಮೇಲೆ ಆಡಿಸಿದ. ಹಾಕೋ ಮಾರಾಯ, ತಾಳ ಹಾಕೋ. ನಾಲ್ಕನೆಯ ಸಾಲಿನಲ್ಲಿ ಬೆಟ್ಟಸ್ವಾಮಿ ಗಾಬರಿಬಿದ್ದು, ಕೈಗಳನ್ನು ಇನ್ನೂ ಒಳಕ್ಕೆ ತಳ್ಳಿ, ಅವುಗಳ ಮೇಲೆ ಭಾರ ಬಿಟ್ಟು ಕೂತ.

ಸಂತೋಷ ಮುಗಿಸಿದ. ಗೋವಿಂದರಾಜು ಇನ್ನೂ ಒಂದು ಎಣಿಕೆ ನುಡಿಸಿ ಆಮೇಲೆ ಮುಗಿಸಿದ. ಆ ಒಂದು ಒಂಟಿ ಟೊಂಯ್ ಮೈಕಿನಲ್ಲಿ ಆ ಸಂಜೆ ಮೊದಲ ಸಲ ಸ್ಪಷ್ಟವಾಗಿ ಕೇಳಿಸಿತು. ಬಾಗಿಲಲ್ಲಿ ದೊನ್ನೆ ಹಿಡಿದು ನಿಂತಿದ್ದ ಜನ ಪೇಟಕ್ಕೋ ತನಿಗೋ ಗೊತ್ತಿಲ್ಲದೆ ಜೋರಾಗಿ ಚಪ್ಪಾಳೆ ತಟ್ಟಿದರು.

ಕಛೇರಿ ಮುಗಿದ ಮೇಲೆ ಭಾನುಪ್ರಿಯಾ ಪೇಟ ಬಿಚ್ಚುತ್ತಾ, "ಡಿಸೆಂಬರಿಗೆ ಬೇರೆ ಯಾರನ್ನಾದ್ರೂ ನೋಡ್ತೀನಿ ರಾಜು ಸಾರ್," ಎಂದಳು.

"ಇಂಥ ಊರಲ್ಲಿ ನುಡಿಸೋಕಾಗುತ್ತಾ ಅಮ್ಮಾ? ನೀವೇ ನೋಡಿದ್ರಲ್ಲ!"

"ಸಂತೋಷ್ ನುಡಿಸಿದ್ರಲ್ಲ," ಎಂದು ಅವಳು ಹೊರಟುಹೋದಳು.

ಹೊರಗೆ ಬೆಟ್ಟಸ್ವಾಮಿ ಒಂದು ಲೋಟ ಪಾನಕ ಎತ್ತಿಟ್ಟುಕೊಂಡು ಕಾಯುತ್ತಿದ್ದ. ಮುಖದಲ್ಲಿ ಪರೀಕ್ಷೆ ಪಾಸಾದವನ ಖುಷಿ. "ಒಂದೇಟೂ ತಾಳ ಹಾಕ್ಲಿಲ್ಲ ಸಾರ್, ನೋಡಿದ್ರಾ? ಕೊನೇಲಿ ನೀವು ಕಣ್ಣು ಬಿಟ್ರಲ್ಲ, ಕೈ ಆಚೆ ಬಂದ್ಬುಡ್ತೇನೋ ಅಂತ ಭಯ ಆಗೋಯ್ತು."

ಲೋಟ ಹಿಡಿದ ಅವನ ಕೈಯ ಹಿಂಬದಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಗೆರೆಗಳು ಕೆಂಪಗೆ ಮೂಡಿದ್ದವು. ಗೋವಿಂದರಾಜು ಲೋಟ ತೆಗೆದುಕೊಂಡು, "ಆ ಮೃದಂಗದವನು ಕೆಡಿಸಿಬಿಟ್ಟ," ಎಂದ. ಕುಣಿಯಲಾರದವಳು ನೆಲ ಡೊಂಕು ಅನ್ನಲೇಬೇಕಲ್ಲ.

ಬೆಟ್ಟಸ್ವಾಮಿ ತಲೆ ಕೆರೆದುಕೊಂಡ. "ಅವ್ರದು ಸರಿಯಾಗೇ ಬಂತು ಸಾರ್. ನೀವು ಮೂರನೇ ಸಲಕ್ಕೆ ಒಂದು ಎಣಿಕೆ ಜಾಸ್ತಿ ಹಾಕ್ತೀರ. ನೆನ್ನೆ ಹೋಟ್ಲಲ್ಲೂ ಅಂಗೇ ಆಯ್ತು. ನಿಮ್ಮಂಥ ವಿದ್ವಾನ್ರು, ಬೇಕಂತ್ಲೇ ಹಾಕ್ತೀರೇನೋ ಅಂದ್ಕೊಂಡೆ."

"ನಿಂಗೇನ್ಲಾ ಗೊತ್ತು!"

ಕುಣಿಗಲ್ಲಿನ ನಾಲಿಗೆ ಮೂವತ್ತು ವರ್ಷದ ಮೇಲೆ ಹೊರಗೆ ಬಂದಿತ್ತು. ಬೆಟ್ಟಸ್ವಾಮಿ ಬೆಚ್ಚಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಆಮೇಲೆ ಬಸ್ ಸ್ಟ್ಯಾಂಡಿನವರೆಗೂ ಮೊಪೆಡ್ಡಿನಲ್ಲಿ ಕರೆದೊಯ್ದ, ಕಿಟಕಿಯ ಸೀಟನ್ನೂ ಹಿಡಿದುಕೊಟ್ಟ.

ಬಸ್ಸು ಕ್ಯಾತ್ಸಂದ್ರ ದಾಟಿದ ಮೇಲೆ ಗೋವಿಂದರಾಜು ತೊಡೆಯ ಮೇಲೆ ಕೈಯಿಟ್ಟು, ಬಾಯೊಳಗೇ ತದಿಗಿಣತೊಂ ಎಂದುಕೊಳ್ಳುತ್ತಾ ಎಣಿಸಿದ. ಕೈಯನ್ನು ಕಾಯಲು ಬಿಡದೆ ಎಣಿಸಿದ. ಒಂದು ಹೆಚ್ಚು ಬಂತು. ಹಿರೇಹಳ್ಳಿಯ ಕಾರ್ಖಾನೆಗಳ ದೀಪ ಕಾಣುವ ಹೊತ್ತಿಗೆ ಮತ್ತೆ ಎಣಿಸಿದ, ಡಾಬಸ್‌ಪೇಟೆಯಲ್ಲಿ ಇನ್ನೊಮ್ಮೆ. ಪ್ರತಿ ಸಲವೂ ಅದೇ ಒಂದು ಹೆಚ್ಚಿಗೆ ಉಳಿಯುತ್ತಿತ್ತು.