ಪಾರ್ವತವ್ವನ ನೀರಿನ ಪರೀಕ್ಷೆ

ಅಕ್ಕಲಕೋಟೆಯ ಸಂಗಯ್ಯನಿಗೆ ಸೋಲಾಪುರದ ಚಾದರದ ಸಾವ್ಕಾರರು ಕೊಟ್ಟಿದ್ದು ಮೂರು ಊರಿನ ಹೆಸರು, ಎಂಟು ದಿನದ ಗಡುವು.

"ಯಲ್ಲಾಪುರ, ಶಿರಸಿ, ಸಿದ್ದಾಪುರ. ಮೂರೂ ಥಂಡಿ ಊರು, ಚಾದರ ಕೈಗೆ ಸಿಗಲಾರದಂಗ ಹೋಗ್ತಾವ. ಒಂದ್ರಾಗ ಅಂಗಡಿ ಹಾಕು, ಸಂಸಾರ ಕರಕೊಂಡು ಹೋಗು. ಶನಿವಾರ ಸಂಜೀ ಒಳಗ ಫೋನ್ ಮಾಡಿ ಊರು ಹೇಳು."

ತೊಂಬತ್ತೇಳನೆಯ ಇಸವಿಯ ಮಾತು. ಸಂಗಯ್ಯನ ಮನೆಯವರು ಮಹಾರಾಷ್ಟ್ರದಲ್ಲೇ ಹುಟ್ಟಿ ಬೆಳೆದವರು. ಮನೆಮಾತು ಕನ್ನಡವಾದರೂ ಕರ್ನಾಟಕವೆಂದರೆ ಹುಬ್ಬಳ್ಳಿಯ ಸೋದರಮಾವನ ಮನೆಯಿಂದಾಚೆ ಏನೂ ಗೊತ್ತಿಲ್ಲದವರು. ಆದರೂ ಸಂಗಯ್ಯನ ಹೆಂಡತಿ ಜಯಾ ಅಂದೇ ಮನಸ್ಸಿನಲ್ಲಿ ಸಾಮಾನು ಕಟ್ಟಿಬಿಟ್ಟಿದ್ದಳು. ಅವರ ಓಣಿಗೆ ನಳದ ನೀರು ಬರುವುದು ನಾಲ್ಕು ದಿನಕ್ಕೊಮ್ಮೆ. ಏಳನೇ ಇಯತ್ತೆಯ ಮಗಳು ಆ ದಿನ ಶಾಲೆ ತಪ್ಪಿಸಿ ಕೊಡ ಹಿಡಿದು ಸಾಲಿನಲ್ಲಿ ನಿಲ್ಲುವುದು. ಹನ್ನೆರಡು ವರ್ಷದಿಂದ ಜಯಾಳ ಸೊಂಟ ಆ ಕೊಡದ ಅಳತೆಗೇ ತಿರುಗಿಕೊಂಡಿತ್ತು.

ಅಡ್ಡ ಬಂದದ್ದು ಅತ್ತೆ ಪಾರ್ವತವ್ವ.

"ನೀರು ನೋಡದ ನಾ ಯಾವೂರಿಗೂ ಬರೂದಿಲ್ಲ. ಒಂದು ಊದಿನಕಡ್ಡಿ ಉರಿದು ಮುಗಿಯೂದ್ರಾಗ ತೊಗರಿಬ್ಯಾಳಿ ಬೆಂದ್ರ ಊರು. ಬೇಯಲಿಲ್ಲಂದ್ರ ಹಾಳೂರು."

ಅತ್ತೆ ಬಾರದಿದ್ದರೆ ಅವಳನ್ನು ನೋಡಿಕೊಳ್ಳಲು ಜಯಾ ಉಳಿಯಬೇಕು. ಸಂಗಯ್ಯ ಒಬ್ಬನೇ ಹೋಗಿ ಖಾನಾವಳಿಯಲ್ಲಿ ಉಂಡು, ಮೂರು ತಿಂಗಳಿಗೊಮ್ಮೆ ಬಂದು "ಮಕ್ಕಳು ಎಷ್ಟು ಎತ್ತರ ಆಗ್ಯಾವ!" ಅಂತ ಬೆರಗಾಗುವುದು. ಹಾಗಾಗಿ ಮಕ್ಕಳಿಬ್ಬರನ್ನು ಜಯಾಳ ತವರಿನಲ್ಲಿ ಬಿಟ್ಟು, ಸೀಮೆಎಣ್ಣೆ ಸ್ಟೋವು, ಹಿತ್ತಾಳೆ ಪಾತ್ರೆ, ಬೇಳೆಯ ಚೀಲ, ಒಂದು ಕಟ್ಟು ಊದಿನಕಡ್ಡಿ ಹೊತ್ತುಕೊಂಡು ಮೂವರೂ ಬಸ್ಸು ಹತ್ತಿದರು.

ಯಲ್ಲಾಪುರದ ಬಸ್ ನಿಲ್ದಾಣದಲ್ಲಿ ಪಾರ್ವತವ್ವ ಸ್ಟೋವಿಗೆ ಪಂಪು ಹೊಡೆಯಲು ಕುಳಿತಳು. ಕಂಟ್ರೋಲರ್ ಓಡಿ ಬಂದ.

"ಅಮ್ಮಾ, ಇದೆಂತ ಮಾಡ್ತಾ ಇದ್ದೀರಿ? ಇದು ಬಸ್ ಸ್ಟ್ಯಾಂಡು!"

"ಗೊತ್ತೈತಪಾ. ನೀರು ಪಾಸಾತಂದ್ರ ಮನೀ ನೋಡ್ತೀವಿ."

ಗಲಾಟೆ ಕೇಳಿ, ಹಿಂದಿನ ಓಣಿಯ ನಜೀಮಾ ಎನ್ನುವ ಹೆಂಗಸು ಇವರನ್ನು ತನ್ನ ಮನೆಯ ಬಾವಿಕಟ್ಟೆಗೆ ಕರೆದೊಯ್ದಳು. ಪಾತ್ರೆ ಇಟ್ಟರು, ಬೇಳೆ ಹಾಕಿದರು, ಕಡ್ಡಿ ಹಚ್ಚಿದರು. ಕಡ್ಡಿ ಬೂದಿಯಾಯಿತು. ಬೇಳೆ ಹಾಕಿದಾಗ ಹೇಗಿತ್ತೋ ಹಾಗೇ ಪಾತ್ರೆಯ ತಳದಲ್ಲಿ ಕಟಕಟ ಎನ್ನುತ್ತಿತ್ತು.

"ಹಾಳೂರು," ಎಂದು ತೀರ್ಪು ಕೊಟ್ಟು ಪಾರ್ವತವ್ವ ಕೈ ತೊಳೆದಳು. ಅವಳ ಮುಖದಲ್ಲಿ ಅಷ್ಟು ಸಮಾಧಾನ ಏಕೆ ಎನ್ನುವುದು ಜಯಾಳಿಗೆ ತಿಳಿಯಲಿಲ್ಲ.

ತಿಳಿಸಿದವಳು ನಜೀಮಾ. ಪಾತ್ರೆ ತಿಕ್ಕುವಾಗ ಪಕ್ಕಕ್ಕೆ ಕರೆದು ಪಿಸುಗುಟ್ಟಿದಳು: "ಅಕ್ಕಾ, ನಮ್ಮ ಬಾವಿ ನೀರಲ್ಲಿ ಚಪ್ಪಲಿ ಹಾಕಿದ್ರೂ ಬೇಯ್ತದೆ. ನಿಮ್ಮ ಬೇಳೆಗೇ ವಯಸ್ಸಾಗಿದೆ ನೋಡಿ."

ಜಯಾ ಚೀಲದಲ್ಲಿ ಕೈ ಹಾಕಿ ನೋಡಿದಳು. ಅಡ್ಡವಾಸನೆ, ಕಪ್ಪಿಟ್ಟ ಬಣ್ಣ. ಅಟ್ಟದ ಮೇಲಿನ ಹಳೇ ಡಬ್ಬಿಯ ಬೇಳೆ! ಅದನ್ನು ದನಕ್ಕೆ ಹಾಕಬೇಕೆಂದು ಎರಡು ವರ್ಷದ ಹಿಂದೆ ತಾನೇ ತೆಗೆದಿಟ್ಟಿದ್ದಳು. ಅತ್ತೆ ಪರೀಕ್ಷೆ ಮಾಡಲು ಬಂದಿರಲಿಲ್ಲ, ಮೂರೂ ಊರುಗಳನ್ನು ಫೇಲು ಮಾಡಲು ಬಂದಿದ್ದಳು.

ನಜೀಮಾ ತನ್ನ ಮನೆಯ ಹೊಸ ಬೇಳೆ ಒಂದು ಹಿಡಿ ತಂದು ಜಯಾಳ ಸೆರಗಿಗೆ ಕಟ್ಟಿದಳು. "ಯಾವ ಊರು ಬೇಕೋ ಅಲ್ಲಿ ಹಾಕಿ. ಇಲ್ಲೇ ಹಾಕಿದ್ರೆ ನಂಗೆ ಖುಷಿ, ಆದ್ರೆ ನಿಮ್ಮ ಅತ್ತೆ ಆಗ್ಲೇ ಚೀಲ ಎತ್ತಿದ್ರು."

ಶಿರಸಿಯ ಬಸ್ಸಿನಲ್ಲಿ ಜಯಾಳಿಗೆ ನಿದ್ದೆ ಬರಲಿಲ್ಲ. ಇದ್ದದ್ದು ಒಂದೇ ಹಿಡಿ. ಬೇರೆ ಕೊಳ್ಳೋಣವೆಂದರೆ ಅಂಗಡಿಗೂ ಅತ್ತೆ ಬೆನ್ನಿಗೇ ಬರುವವಳು. ಶಿರಸಿಯಲ್ಲಿ ಹಾಕಿದರೆ ಸಿದ್ದಾಪುರ ನೋಡಿದಂತಾಗುವುದಿಲ್ಲ. ಸಿದ್ದಾಪುರಕ್ಕೆಂದು ಇಟ್ಟುಕೊಂಡು, ಅದೇ ಮನಸ್ಸಿಗೆ ಬಾರದಿದ್ದರೆ? ಮನೆಯಲ್ಲಿ ಇಂದು ಯಾವ ಪಲ್ಯ ಎನ್ನುವುದನ್ನೂ ಅವಳನ್ನು ಯಾರೂ ಕೇಳಿದ್ದಿಲ್ಲ. ಈಗ ಇಡೀ ಸಂಸಾರದ ಊರು ಅವಳ ಸೆರಗಿನ ಗಂಟಿನಲ್ಲಿತ್ತು.

"ಸಿದ್ದಾಪುರ ಸಣ್ಣೂರು, ಬಾಡಿಗಿ ಕಡಿಮಿ ಇರತೈತಿ," ಎಂದು ಸಂಗಯ್ಯ ಎರಡು ಸಲ ಹೇಳಿ ಕಿಟಕಿಗೆ ತಲೆಯಿಟ್ಟು ಗೊರಕೆ ಹೊಡೆದ.

ಶಿರಸಿಯಲ್ಲಿ ಇಳಿದಾಗ ಶಾಲೆ ಬಿಡುವ ಹೊತ್ತು. ಹುಡುಗಿಯರ ಹಿಂಡು ರಸ್ತೆ ತುಂಬ ನಗುತ್ತ ಬರುತ್ತಿತ್ತು. ಜಯಾ ನಿಂತು ನೋಡಿದಳು. ಎಲ್ಲರ ಹೆಗಲಿಗೂ ಪುಸ್ತಕದ ಚೀಲ, ಒಬ್ಬಳ ಸೊಂಟದಲ್ಲೂ ಕೊಡವಿರಲಿಲ್ಲ.

ವಿಚಾರಿಸಿಕೊಂಡು ಹೋದ ಬಾಡಿಗೆ ಮನೆಯ ಒಡತಿ ದೇವಕ್ಕ ಬಾಗಿಲಲ್ಲೇ ಮಾತು ಶುರು ಮಾಡಿದಳು. "ಬನ್ನಿ, ಬನ್ನಿ. ಸೋಲಾಪುರದ ಬದಿಯವರಾ? ಅಷ್ಟು ದೂರದಿಂದ ಸ್ಟೋವು ಹೊತ್ಕಂಡು ಬಂದ್ರಾ? ಎಂತಕ್ಕೆ?"

ಪಾರ್ವತವ್ವ ಎಂತಕ್ಕೆ ಎಂದು ಹೇಳಿದಳು. ಹಿತ್ತಲಿನ ಬಾವಿಯ ಹತ್ತಿರ ಪಾತ್ರೆ ಇಟ್ಟು, ತನ್ನ ಬೇಳೆಯನ್ನು ತಾನೇ ಹಾಕಿ, ಕಡ್ಡಿ ಹಚ್ಚಿ ಕಾವಲು ಕುಳಿತಳು. ದೇವಕ್ಕ ಬಿಡಬೇಕಲ್ಲ.

"ಅದು ಬೇಯ್ತಾ ಇರ್ತದೆ, ನೀವು ಒಳಗೆ ಬನ್ನಿ. ಕಷಾಯ ಮಾಡಿದ್ದೆ. ಅಲ್ಲ ಮಾರಾಯ್ರೆ, ನಿಮ್ಮಲ್ಲಿ ರೊಟ್ಟಿಗೆ ನೀರು ಬಿಸಿದೇ ಹಾಕ್ತ್ರಾ? ನಾನು ಮಾಡಿದ್ರೆ ಎಲ್ಲ ನಕ್ಷೆ ಹರಿದ ಹಾಗೆ ಹರೀತದೆ."

ಎದುರಿಗಿರುವವರ ರೊಟ್ಟಿ ಹರಿಯುತ್ತದೆ ಎಂದರೆ ಸುಮ್ಮನೆ ಕೂರುವ ಜೀವವಲ್ಲ ಪಾರ್ವತವ್ವನದು. "ಕುದಿಯೂ ನೀರು ಹಾಕಬೇಕ ಯವ್ವಾ!" ಎನ್ನುತ್ತ ಎದ್ದು ಒಳಗೆ ಹೋದಳು. ರೊಟ್ಟಿಯಿಂದ ಸೊಸೆಯಂದಿರಿಗೆ, ಸೊಸೆಯಂದಿರಿಂದ ಮಂಡಿನೋವಿಗೆ ಮಾತು ಹರಿಯಿತು. ಅತ್ತೆ ನಕ್ಕದ್ದು ಹಿತ್ತಲಿಗೂ ಕೇಳಿತು. ಮನೆ ಬಿಟ್ಟ ಮೂರು ದಿನದಲ್ಲಿ ಅದೇ ಮೊದಲ ನಗು.

ಜಯಾ ಗಂಟು ಬಿಚ್ಚಿದಳು. ಹಳೇ ಬೇಳೆಯನ್ನು ದಾಸವಾಳದ ಬುಡಕ್ಕೆ ಚೆಲ್ಲಿ, ಹೊಸದನ್ನು ಹೊಸ ನೀರಿಗೆ ಹಾಕಿ, ಹೊಸ ಊದಿನಕಡ್ಡಿ ಹಚ್ಚಿದಳು. ಒಂದು ಕಾಗೆ ಬಂದು ದಾಸವಾಳದ ಬುಡದ ಬೇಳೆಯೊಂದನ್ನು ಕಚ್ಚಿ ನೋಡಿ, ಬೇಸರದಿಂದ ಹಾರಿಹೋಯಿತು.

ಪಾರ್ವತವ್ವ ಹೊರಬಂದಾಗ ಪಾತ್ರೆಯಲ್ಲಿ ಬೇಳೆ ಹಳದಿ ಗಂಜಿಯಾಗಿತ್ತು. ಬೆರಳಲ್ಲಿ ಹಿಚುಕಿದಳು. ಮತ್ತೊಮ್ಮೆ ಹಿಚುಕಿದಳು. ಸಂಗಯ್ಯ ಮುಂದಿನ ಅಂಗಳದಲ್ಲಿ ಬಾಡಿಗೆ ಚೌಕಾಶಿಯಲ್ಲಿದ್ದ.

"ನಾ ತಂದ ಬ್ಯಾಳಿ," ಎಂದಳು ಪಾರ್ವತವ್ವ ಮೆಲ್ಲಗೆ, "ಶಿವನ ಜಡಿಯಿಂದ ಗಂಗೀನ್ನ ಇಳಿಸಿ ತಂದ್ರೂ ಬೇಯೂದಲ್ಲ."

"ಹೌದ್ರೀ ಅತ್ತಿ. ನನಗೂ ಗೊತ್ತೈತಿ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಅತ್ತೆ ಬಾಯಿಬಿಟ್ಟರೆ ಅತ್ತೆಯ ಕಳ್ಳತನ, ಸೊಸೆ ಬಾಯಿಬಿಟ್ಟರೆ ಸೊಸೆಯದು.

"ಈ ಊರಾಗ ನನ್ನ ಕೂಡ ಯಾರು ಮಾತಾಡ್ತಾರಂತ ಅಂಜಿದ್ದೆ," ಎಂದಳು ಪಾರ್ವತವ್ವ ಕೊನೆಗೆ, ನೆಲ ನೋಡುತ್ತ. ಒಳಗಿನಿಂದ ದೇವಕ್ಕ ಕೂಗಿದಳು: "ಪಾರ್ವತಕ್ಕ, ಕಷಾಯ ಆರ್ತದೆ! ಆ ಮಂಡಿ ಎಣ್ಣೆ ಎಂತದ್ದು ಹೇಳಿದ್ರಿ?"

"ಬಂದ್ನೆವ್ವಾ!" ಪಾರ್ವತವ್ವ ಸೊಸೆಯ ಕಡೆ ತಿರುಗಿದಳು. "ಬಾವಿ ಕಡೀ ಖೋಲಿ ನಂದು. ತಿಳೀತಿಲ್ಲೋ?"

"ತಿಳೀತ್ರೀ."

ಸಂಜೆ ಎಸ್‌ಟಿಡಿ ಬೂತಿನ ಗಾಜಿನ ಬಾಗಿಲೊಳಗೆ ಸಂಗಯ್ಯ ಎದೆಯುಬ್ಬಿಸಿ ಮಾತಾಡುತ್ತಿದ್ದ. "ಸಾವ್ಕಾರ್ರ, ಎಲ್ಲಾ ಅಳೆದು ತೂಗಿ, ನಾನ ಖುದ್ದು ವಿಚಾರ ಮಾಡಿ ಶಿರಸಿ ಗೊತ್ತು ಮಾಡೀನ್ರಿ." ಆಮೇಲೆ ಅವನ ಮುಖ ಬಾಡಿತು. ರಿಸೀವರಿಗೆ ಕೈ ಅಡ್ಡಯಿಟ್ಟು ಬಾಗಿಲಿನಿಂದ ತಲೆ ಹೊರಹಾಕಿದ.

"ಅವ್ವಾ, ಸಿದ್ದಾಪುರ ಯಾಕ ಬ್ಯಾಡಂತ ಕೇಳಾಕತ್ತಾರ. ನಾವು ನೋಡೇ ಇಲ್ಲಲ್ಲ, ಏನು ಹೇಳ್ಲಿ?"

"ಬ್ಯಾಳಿ ಬೇಯಲಿಲ್ಲಂತ ಹೇಳು," ಎಂದಳು ಪಾರ್ವತವ್ವ.

"ಒಂದು ಕಾಳೂ ಬೇಯಲಿಲ್ರಿ," ಎಂದಳು ಜಯಾ.